ಬಸವಸಾಗರದ ಹಿನ್ನೀರಿನಲ್ಲಿ 19 ಅಡಿಯ ಕ್ಯಾಬಿನ್ ಬೋಟು: ಮೊದಲ ಬಾರಿ ಕೊಳ್ಳುವವರಿಗಾಗಿ ಒಂದು ವಿಮರ್ಶೆ

ನಮ್ಮ ಸೋದರಮಾವನ ಮನೆಯವರೂ ನಾವೂ ಪಾಲುಗೂಡಿ ಕರಾವಳಿಯ ಮಾರಾಟಗಾರರೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಮೋಟಾರು ಬೋಟು ಈಗ ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ಮಳೆಗಾಲವನ್ನೂ ಬೇಸಿಗೆಯನ್ನೂ ಕಂಡಿದೆ. ಉದ್ದ 19 ಅಡಿ, ಫೈಬರ್ ಮೈ, ಮುಂಭಾಗದಲ್ಲಿ ಇಬ್ಬರು ಮಲಗಬಹುದಾದ ಪುಟ್ಟ ಕ್ಯಾಬಿನ್, ನಡುವೆ ಚಾಲಕನ ಆಸನ, ಹಿಂಬದಿಯಲ್ಲಿ ಐದಾರು ಜನ ಕುಳಿತುಕೊಳ್ಳುವ ತೆರೆದ ಜಾಗ, ಅದರಾಚೆ ತೂಗುಹಾಕಿದ 60 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಇಂಥ ಬೋಟನ್ನು ಸ್ವಂತಕ್ಕೆ ಕೊಳ್ಳಬೇಕೆಂದು ವಿಚಾರಿಸುವವರು ಸಾಮಾನ್ಯವಾಗಿ ಕ್ಯಾಬಿನ್ನಿನ ಅಂದವನ್ನೂ ಎಂಜಿನ್ನಿನ ಶಕ್ತಿಯನ್ನೂ ಮೊದಲು ಕೇಳುತ್ತಾರೆ. ಬೇಸಿಗೆಯ ಕೊನೆಯಲ್ಲಿ ನಿಮ್ಮ ಜಲಾಶಯದಲ್ಲಿ ಎಷ್ಟು ನೀರು ಉಳಿಯುತ್ತದೆ, ಎಂಜಿನ್ ನಿಂತರೆ ಅದನ್ನು ಬಿಚ್ಚಬಲ್ಲವರು ಎಷ್ಟು ದೂರದಲ್ಲಿದ್ದಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಉಳಿದೆಲ್ಲವನ್ನೂ ತೀರ್ಮಾನಿಸುವುದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಸವಸಾಗರದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ. ಆಲಮಟ್ಟಿಯಿಂದ ಬಿಟ್ಟ ನೀರು ಬಂದು ತುಂಬಿದಾಗ ಕೂಡಲಸಂಗಮದ ಕಡೆಗೆ ಹರಡಿಕೊಳ್ಳುವ ಈ ಹಿನ್ನೀರನ್ನು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನೋಡಿದವರಿಗೆ ಎಂಥ ದೊಡ್ಡ ಬೋಟನ್ನಾದರೂ ಇಲ್ಲಿ ಓಡಿಸಬಹುದು ಎನ್ನಿಸುವುದು ಸಹಜ. ಆದರೆ ಇದು ನೀರಾವರಿಗಾಗಿ ಕಟ್ಟಿದ ಜಲಾಶಯ. ಎಡದಂಡೆ, ಬಲದಂಡೆ ಕಾಲುವೆಗಳಿಗೆ ನೀರು ಹರಿದಂತೆಲ್ಲ ಮಟ್ಟ ಇಳಿಯುತ್ತ ಹೋಗಿ, ಏಪ್ರಿಲ್ ಮುಗಿಯುವ ಹೊತ್ತಿಗೆ ದಂಡೆ ಬಹಳ ದೂರ ಹಿಂದೆ ಸರಿದಿರುತ್ತದೆ. ಮುಳುಗಿದ ಹೊಲಗಳ ಬದುಗಳು, ಮರದ ಬೊಡ್ಡೆಗಳು, ಬಂಡೆಗಳು ನೀರಿನ ಮೇಲ್ಮೈಗೆ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತವೆ. ಅಲ್ಲಿ ಮೀನು ಹಿಡಿಯುವ ಹಿರಿಯ ಅಂಬಿಗರೊಬ್ಬರನ್ನು ಯಾವ ಬೋಟು ಕೊಂಡರೆ ಒಳ್ಳೆಯದೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಮಳಿಗಾಲದಾಗ ಎಲ್ಲಾ ಬೋಟೂ ಚಂದನ ಓಡತಾವ್ರಿ ಸಾಹೇಬ್ರ. ಬ್ಯಾಸಗ್ಯಾಗ ಬಂದು ನೀರು ನೋಡ್ರಿ, ಆಮ್ಯಾಲ ತಗೋರಿ."

ಈ ಮಾತನ್ನು ಅಳತೆಗೆ ಇಳಿಸಿದರೆ, ಬೋಟಿನ ತಳ ನೀರಿನೊಳಗೆ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬ ಪ್ರಶ್ನೆಯಾಗುತ್ತದೆ. ಎಂಜಿನ್ ಒಳಗಿದ್ದು, ತಳದಿಂದ ಶಾಫ್ಟೂ ಪ್ರೊಪೆಲ್ಲರೂ ಹೊರಬಂದಿರುವ ಇನ್‌ಬೋರ್ಡ್ ಕ್ರೂಸರುಗಳು ಗಟ್ಟಿಮುಟ್ಟಾಗಿರುತ್ತವೆ, ಡೀಸೆಲ್ ಎಂಜಿನ್ ಇರುವವು ಇಂಧನವನ್ನೂ ಕಡಿಮೆ ಕುಡಿಯುತ್ತವೆ. ಆದರೆ ಅವುಗಳ ಪ್ರೊಪೆಲ್ಲರನ್ನು ಮೇಲೆತ್ತಲು ಬರುವುದಿಲ್ಲ, ಬಂಡೆಗೆ ತಾಗಿದರೆ ಶಾಫ್ಟೇ ಬಾಗುತ್ತದೆ. ಔಟ್‌ಬೋರ್ಡನ್ನಾದರೆ ಗುಂಡಿ ಒತ್ತಿ ಓರೆಯಾಗಿಸಿ, ಮೊಳಕಾಲುದ್ದದ ನೀರಿನಲ್ಲೂ ಹುಟ್ಟು ಹಾಕುತ್ತ ದಡ ಸೇರಬಹುದು. ನಮ್ಮ ಜಲಾಶಯಗಳಲ್ಲಿ ಇನ್ನೊಂದು ತೊಡಕೂ ಇದೆ. ನೀರು ಇಳಿದಂತೆ ರೈತರು ಪಂಪ್‌ಸೆಟ್ಟುಗಳನ್ನು ಮುಂದೆ ಮುಂದೆ ಒಯ್ದು ಪೈಪುಗಳನ್ನೂ ವೈರುಗಳನ್ನೂ ನೀರಿನ ಮೇಲೆ ಹಾಯಿಸಿರುತ್ತಾರೆ, ಮೀನುಗಾರರ ನೈಲಾನ್ ಬಲೆಗಳು ಅಡ್ಡಡ್ಡ ಹಬ್ಬಿರುತ್ತವೆ. ಅವೆರಡೂ ಬದುಕಿನ ಸಾಧನಗಳಾದುದರಿಂದ ತಪ್ಪಿಸಿಕೊಂಡು ಹೋಗಬೇಕಾದ ಹೊಣೆ ಬೋಟಿನವರದೇ. ಹೀಗಾಗಿ ಮೊದಲ ಬೋಟು ಔಟ್‌ಬೋರ್ಡ್ ಎಂಜಿನ್ನಿನದೇ ಆಗಿರಲಿ ಎಂದು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಬೋಟಿನ ಮೈಯನ್ನು ಪರೀಕ್ಷಿಸುವ ಕೆಲಸಕ್ಕೆ ಅರ್ಧ ದಿನವನ್ನೇ ಮೀಸಲಿಡಬೇಕು, ಮತ್ತು ಬೋಟು ನೀರಿನಿಂದ ಹೊರಗಿರಬೇಕು. ಫೈಬರ್ ಕೊಳೆಯುವುದಿಲ್ಲ ಎಂಬ ಮಾತು ನಿಜವೇ ಆದರೂ, ಹಳೆಯ ಬೋಟುಗಳಲ್ಲಿ ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯ ಒಳಗೂ ತಳದ ಉದ್ದನೆಯ ಆಧಾರಪಟ್ಟಿಗಳ ಒಳಗೂ ಪ್ಲೈವುಡ್ ಅಥವಾ ಮರ ಇರುತ್ತದೆ; ಒಂದು ಸ್ಕ್ರೂ ಸಡಿಲವಾಗಿ ನೀರು ಒಳಗೆ ಇಳಿದರೆ ಆ ಮರ ವರ್ಷಗಟ್ಟಲೆ ಒಳಗೊಳಗೇ ಕೊಳೆಯುತ್ತದೆ, ಹೊರಗಿನ ಹೊಳಪು ಮಾತ್ರ ಹಾಗೆಯೇ ಇರುತ್ತದೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಹಿಂಬದಿಯ ಗೋಡೆಯನ್ನು ಅಂಗೈಯಗಲ ಜಾಗ ಬಿಟ್ಟು ಜಾಗ ಬಡಿಯುತ್ತ ಹೋಗಬೇಕು. ಗಟ್ಟಿಯಿರುವಲ್ಲಿ ಟಣ್ ಎಂಬ ಚುರುಕಾದ ಸದ್ದು ಬರುತ್ತದೆ. ಪದರ ಬಿಟ್ಟಿರುವಲ್ಲಿ ಅಥವಾ ಮರ ಮೆತ್ತಗಾಗಿರುವಲ್ಲಿ ಸದ್ದು ಮಂಕಾಗಿ ಅಲ್ಲೇ ಇಂಗಿಹೋಗುತ್ತದೆ. ಆಮೇಲೆ ಎಂಜಿನ್ನನ್ನು ಪೂರ್ತಿ ಮೇಲೆತ್ತಿಸಿ, ಅದರ ಕೆಳತುದಿಯನ್ನು ಕೈಯಿಂದ ಒತ್ತಿ ಬಿಡುವಾಗ ಇನ್ನೊಬ್ಬರು ಆ ಗೋಡೆಯ ಮೂಲೆಗಳನ್ನು ನೋಡುತ್ತಿರಬೇಕು. ಗೋಡೆ ಕೂದಲೆಳೆಯಷ್ಟು ಬಾಗಿದರೂ ಆ ಬೋಟನ್ನು ಬಿಟ್ಟುಬಿಡುವುದು ಒಳ್ಳೆಯದು. ಮಾರುವವರು ಒಪ್ಪಿದರೆ ತಳಕ್ಕೆ ಹತ್ತಿರವಿರುವ ಒಂದು ಸ್ಕ್ರೂವನ್ನು ಬಿಚ್ಚಿಸಿ ನೋಡಬೇಕು. ನಾವು ನೋಡಿದ ಇನ್ನೊಂದು ಬೋಟಿನಲ್ಲಿ ಹೊರಬಂದ ಸ್ಕ್ರೂವಿನ ಸುರುಳಿಗಳಲ್ಲಿ ನೆನೆದ ಕಂದು ಬಣ್ಣದ ಮರದ ಪುಡಿ ಅಂಟಿಕೊಂಡಿತ್ತು, ರಂಧ್ರದಿಂದ ನಾಲ್ಕಾರು ಹನಿ ನೀರೂ ಜಿನುಗಿತು. ಆ ಬೋಟಿಗೆ ಹೊಸದಾಗಿ ಬಣ್ಣ ಹಚ್ಚಿದ್ದರು.

ತಳದಲ್ಲಿ ಸಣ್ಣ ಬೊಬ್ಬೆಗಳು ಎದ್ದಿದ್ದರೆ ನೀರು ಹೊರಪದರವನ್ನು ದಾಟಿ ಒಳಗೆ ಸೇರಿದೆ ಎಂದರ್ಥ. ಒಂದೆರಡು ಬೊಬ್ಬೆಗಳನ್ನು ಕೆರೆದು ತುಂಬಿಸಬಹುದು, ಇಡೀ ತಳ ಬೊಬ್ಬೆಯಾಗಿದ್ದರೆ ದುರಸ್ತಿಯ ಖರ್ಚು ಬೋಟಿನ ಬೆಲೆಗೆ ಸಮೀಪಿಸುತ್ತದೆ. ನಮ್ಮ ಬೋಟಿನ ತಳ ಚೆನ್ನಾಗಿದೆ; ಮೇಲ್ಭಾಗದ ಹೊಳಪು ಮಾತ್ರ ಇಲ್ಲಿಯ ಬಿಸಿಲಿಗೆ ಸುಣ್ಣದಂತೆ ಪುಡಿಪುಡಿಯಾಗಿ ಕೈಗೆ ಹತ್ತುತ್ತಿದೆ. 42–43 ಡಿಗ್ರಿಯ ಬಿಸಿಲಿನಲ್ಲಿ ನಿಲ್ಲುವ ಯಾವ ಫೈಬರ್ ಬೋಟಿಗೂ ದಪ್ಪ ಕ್ಯಾನ್ವಾಸಿನ ಹೊದಿಕೆ ಅಥವಾ ತಗಡಿನ ಶೆಡ್ಡು ಬೇಕೇ ಬೇಕು, ಆ ಖರ್ಚನ್ನು ಬೋಟಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು.

ವೇಗದ ವಿಷಯದಲ್ಲಿ ಒಂದು ಸರಳ ಲೆಕ್ಕ ಗೊತ್ತಿದ್ದರೆ ಅನವಶ್ಯಕವಾಗಿ ದೊಡ್ಡ ಎಂಜಿನ್ ಕೊಳ್ಳುವುದು ತಪ್ಪುತ್ತದೆ. ನೀರನ್ನು ಸೀಳಿಕೊಂಡು ಹೋಗುವ ಬೋಟಿನ ಸಹಜ ವೇಗದ ಮಿತಿ ಅದರ ನೀರಿನ ಮಟ್ಟದಲ್ಲಿನ ಉದ್ದವನ್ನು ಅವಲಂಬಿಸಿರುತ್ತದೆ: ಅಡಿಗಳಲ್ಲಿ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ನಮ್ಮ ಬೋಟಿನ ನೀರಿನ ಮಟ್ಟದ ಉದ್ದ 16 ಅಡಿಯಾದ್ದರಿಂದ ಮಿತಿ 5.36 ನಾಟ್, ಅಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್. ಇದನ್ನು ಮೀರಬೇಕಾದರೆ ಬೋಟು ನೀರಿನ ಮೇಲೇರಿ ಜಾರುವಷ್ಟು ಶಕ್ತಿ ಬೇಕು, ಅದಕ್ಕೆ ತಕ್ಕ ಆಕಾರದ ತಳವೂ ಬೇಕು. ಮೇಲೇರುವ ಮೊದಲಿನ ನಡುವಿನ ವೇಗದಲ್ಲಿ ಮೂತಿ ಎತ್ತಿಕೊಂಡು, ಪೆಟ್ರೋಲನ್ನು ಸುಮ್ಮನೆ ಸುರಿದುಕೊಂಡು, ದೊಡ್ಡ ಅಲೆ ಎಬ್ಬಿಸುತ್ತ ಓಡುವುದು ಎಲ್ಲಕ್ಕಿಂತ ಕೆಟ್ಟದ್ದು. ದಡದಲ್ಲಿರುವ ಹರಿಗೋಲುಗಳಿಗೆ ಆ ಅಲೆಯಿಂದ ತೊಂದರೆಯೂ ಆಗುತ್ತದೆ. ನಾಲ್ಕೈದು ಜನ ಕುಳಿತಾಗ ನಮ್ಮ 60 ಅಶ್ವಶಕ್ತಿ ಬೋಟನ್ನು ಮೇಲೇರಿಸಲು ಸಾಕಾಗುತ್ತದೆ, ಏಳು ಜನರಾದರೆ ಸಾಕಾಗುವುದಿಲ್ಲ. ಪೂರ್ತಿ ವೇಗದಲ್ಲಿ ಇಂಥ ಎಂಜಿನ್ ಗಂಟೆಗೆ ಸುಮಾರು 20 ಲೀಟರ್ ಪೆಟ್ರೋಲ್ ಬೇಡುತ್ತದೆ. ಹಿನ್ನೀರಿನ ದಂಡೆಯಲ್ಲಿ ಪೆಟ್ರೋಲ್ ಬಂಕು ಇರುವುದಿಲ್ಲವಾದ್ದರಿಂದ ಟ್ಯಾಂಕಿನ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಆಪತ್ತಿಗೆ ಎಂದು ನಾವಿಕರು ಪಾಲಿಸುವ ನಿಯಮವನ್ನು ಇಲ್ಲಿಯೂ ಪಾಲಿಸಬೇಕು.

ಎಂಜಿನ್ನಿನ ಪರೀಕ್ಷೆ ತಣ್ಣಗಿರುವಾಗಲೇ ಆಗಬೇಕು. ನಾವು ಮೊದಲು ಮಾತಾಡಿದ ಮಾರಾಟಗಾರರೊಬ್ಬರು ನಾವು ತಲುಪುವ ಮುಂಚೆಯೇ ಎಂಜಿನ್ ಚಾಲೂ ಮಾಡಿಟ್ಟಿದ್ದರು. ಮರುದಿನ ಬೆಳಿಗ್ಗೆ ಮತ್ತೆ ಬರುತ್ತೇವೆ, ನಮ್ಮೆದುರೇ ಚಾಲೂ ಮಾಡಿ ಎಂದಾಗ ಒಪ್ಪಲಿಲ್ಲ. ತಣ್ಣನೆಯ ಎಂಜಿನ್ ಮಾತ್ರ ತನ್ನ ನಿಜವಾದ ಸ್ಥಿತಿಯನ್ನು ತೋರಿಸುತ್ತದೆ. ಚಾಲೂ ಆದ ಕೂಡಲೇ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆ ರಭಸವಾಗಿ ಹೊರಚಿಮ್ಮಬೇಕು. ತಂಪುಗೊಳಿಸುವ ನೀರು ಒಳಗೆ ತಿರುಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಕೃಷ್ಣೆಯ ಹೊಸ ನೀರಿನಲ್ಲಿ ಹೂಳು ಬಹಳವಾಗಿರುವುದರಿಂದ ಆ ನೀರನ್ನು ಎಳೆಯುವ ರಬ್ಬರಿನ ಇಂಪೆಲ್ಲರ್ ಬೇಗ ಸವೆಯುತ್ತದೆ. ಧಾರೆ ಸಣ್ಣದಾದ ದಿನವೇ ಅದನ್ನು ಬದಲಿಸದಿದ್ದರೆ ಎಂಜಿನ್ ಕಾದು ಕೆಡುತ್ತದೆ. ಕೆಳಗಿನ ಗೇರ್ ಪೆಟ್ಟಿಗೆಯ ಆಯಿಲನ್ನು ಸ್ವಲ್ಪ ಹೊರತೆಗೆಸಿ ನೋಡಬೇಕು: ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಸೀಲು ಹರಿದು ನೀರು ಸೇರಿದೆ. ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿಗೆ ಗಾಳದ ದಾರ ಅಥವಾ ಬಲೆಯ ನೂಲು ಸುತ್ತಿಕೊಂಡಿದ್ದರೆ ಸೀಲು ಹೋಗಿರುವ ಅಥವಾ ಬೇಗನೆ ಹೋಗುವ ಸಂಭವವೇ ಹೆಚ್ಚು. ಹಿನ್ನೀರಿನಲ್ಲಿ ಓಡಿಸುವವರು ಕೊಂಡ ಮೇಲೂ ಈ ತಪಾಸಣೆಯನ್ನು ಆಗಾಗ ಮಾಡುತ್ತಲೇ ಇರಬೇಕು.

ಪೂರ್ತಿ ವೇಗ ಕೊಟ್ಟಾಗ ಎಂಜಿನ್ ತಯಾರಕರು ಹೇಳಿದ ಸುತ್ತುಗಳ ಮಿತಿಯನ್ನು ಮುಟ್ಟುತ್ತದೆಯೇ ಎಂಬುದನ್ನೂ ನೋಡಬೇಕು. ಈ ಗಾತ್ರದ ನಾಲ್ಕು ಸ್ಟ್ರೋಕ್ ಎಂಜಿನ್ನುಗಳಿಗೆ ಆ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 5000ದಿಂದ 6000 ಸುತ್ತು. ಸಮುದ್ರಮಟ್ಟದಲ್ಲಿ ಸರಿಯಾಗಿ ಓಡುತ್ತಿದ್ದ ನಮ್ಮ ಎಂಜಿನ್ ಇಲ್ಲಿಗೆ ಬಂದಾಗ ಕೆಳಗಿನ ಅಂಚನ್ನೂ ಕಷ್ಟಪಟ್ಟು ಮುಟ್ಟುತ್ತಿತ್ತು. ಅದಕ್ಕೆ ಕಾರಣ ಎಂಜಿನ್ನಿನ ದೋಷವಾಗಿರಲಿಲ್ಲ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಸುಮಾರು ಶೇಕಡಾ ಮೂರರಷ್ಟು ಶಕ್ತಿ ಕುಂದುತ್ತದೆ. 490 ಮೀಟರ್ ಎತ್ತರದಲ್ಲಿರುವ ಜಲಾಶಯದಲ್ಲಿ ಅದು ಶೇಕಡಾ ಐದರ ಹತ್ತಿರ ಬರುತ್ತದೆ, ಬೇಸಿಗೆಯ ಬಿಸಿಗಾಳಿ ಇನ್ನಷ್ಟು ಕಳೆಯುತ್ತದೆ. ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ, ಒಂದು ಇಂಚು ಕಡಿಮೆಯಾದರೆ ಸುಮಾರು 150–200 ಸುತ್ತು ಏರುತ್ತದೆ. ಆ ಪ್ರಕಾರ ಪ್ರೊಪೆಲ್ಲರ್ ಬದಲಿಸಿದ ಮೇಲೆ ಎಂಜಿನ್ ಹಗುರಾಗಿ ಓಡುತ್ತಿದೆ, ಹಳೆಯದು ಬಿಡಿ ಪ್ರೊಪೆಲ್ಲರಾಗಿ ಕ್ಯಾಬಿನ್ನಿನಲ್ಲಿದೆ.

ಕರಾವಳಿಯ ಬೋಟನ್ನು ಸಿಹಿನೀರಿಗೆ ತರುವವರು ಗಮನಿಸಬೇಕಾದ ಇನ್ನೊಂದು ಸಣ್ಣ ಭಾಗವಿದೆ. ಎಂಜಿನ್ನಿನ ಕೆಳಭಾಗಕ್ಕೆ ತಿರುಪಿರುವ ಲೋಹದ ಗಟ್ಟಿಯೊಂದು ತಾನು ಸವೆದು ಉಳಿದ ಲೋಹವನ್ನು ಕಾಯುತ್ತದೆ, ಅದನ್ನು ಆನೋಡ್ ಎನ್ನುತ್ತಾರೆ. ಸಮುದ್ರದಲ್ಲಿ ಬಳಸುವ ಸತುವಿನ ಆನೋಡು ಸಿಹಿನೀರಿನಲ್ಲಿ ಮೇಲ್ಪದರ ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತದೆ. ಸಿಹಿನೀರಿಗೆ ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ ಆನೋಡು ಹಾಕಿಸಬೇಕು.

ಪೆಟ್ರೋಲಿನ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ ಶೇಕಡಾ 10ರವರೆಗೆ ಮಾತ್ರ ಒಪ್ಪುತ್ತಾರೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹೆಚ್ಚು ನೀರು ಸೇರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ದಿನವೂ ಓಡುವ ಬೈಕಿಗೆ ಈ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ; ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಬೋಟಿಗೆ ತಟ್ಟುತ್ತದೆ. ಕೊಳ್ಳುವ ಮೊದಲು ಆ ಎಂಜಿನ್ನಿನ ಕೈಪಿಡಿಯಲ್ಲಿ ಯಾವ ಪೆಟ್ರೋಲಿಗೆ ಒಪ್ಪಿಗೆ ಇದೆ ಎಂಬುದನ್ನು ಓದಿಯೇ ಮುಂದುವರಿಯಬೇಕು. ನಾವು ಪೈಪುಗಳನ್ನೆಲ್ಲ ಹೊಸದಾಗಿ ಹಾಕಿಸಿ, ನೀರು ಬೇರ್ಪಡಿಸುವ ಫಿಲ್ಟರ್ ಕೂಡಿಸಿ, ನಿಲ್ಲಿಸುವ ಮುನ್ನ ಟ್ಯಾಂಕನ್ನು ಬರಿದು ಮಾಡುತ್ತೇವೆ. ಇಷ್ಟು ಮಾಡುವ ತಾಳ್ಮೆ ಇಲ್ಲದವರಿಗೆ ಈ ಬೋಟನ್ನು ನಾನು ಸೂಚಿಸಲಾರೆ.

ದುರಸ್ತಿಗೆ ಬಂದರೆ, ಔಟ್‌ಬೋರ್ಡಿನ ಕೆಲಸ ಬಲ್ಲ ಮೆಕ್ಯಾನಿಕ್ಕುಗಳು ಕರಾವಳಿಯಲ್ಲಿ ಊರೂರಿಗೆ ಸಿಗುತ್ತಾರೆ, ನಮ್ಮ ಕಡೆ ಹುಡುಕಬೇಕಾಗುತ್ತದೆ. ಪ್ಲಗ್ಗು, ಆಯಿಲ್, ಫಿಲ್ಟರ್, ಬ್ಯಾಟರಿಯ ಕೆಲಸವನ್ನು ಯಾದಗಿರಿಯ ಒಬ್ಬ ಒಳ್ಳೆಯ ಬೈಕ್ ಮೆಕ್ಯಾನಿಕ್ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಗೇರ್ ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ ಅನುಭವಸ್ಥರೇ ಬೇಕು. ಆದ್ದರಿಂದ ಅಪರೂಪದ ಕಂಪನಿಯ ಎಂಜಿನ್ ಅಗ್ಗವಾಗಿ ಸಿಕ್ಕರೂ ತೆಗೆದುಕೊಳ್ಳದೆ, ಭಾರತದ ಮೀನುಗಾರರು ವ್ಯಾಪಕವಾಗಿ ಬಳಸುವ, ಬಿಡಿಭಾಗಗಳು ಸುಲಭವಾಗಿ ಸಿಗುವ ಎಂಜಿನ್ನನ್ನೇ ಆರಿಸಬೇಕು.

ಕ್ಯಾಬಿನ್ ಬಗ್ಗೆ ಬಹಳ ಹೇಳುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿ ಮಲಗಲು ಅದು ಹಿತವಾಗಿದೆ, ಏಪ್ರಿಲಿನಲ್ಲಿ ಹಗಲು ಒಳಗೆ ಕೂರಲು ಸಾಧ್ಯವೇ ಇಲ್ಲ. ಮೇಲೆ ತೆರೆಯುವ ಕಿಂಡಿ ಇಲ್ಲದ ಕ್ಯಾಬಿನ್ ನಮ್ಮ ಹವೆಗೆ ಹೊಂದುವುದಿಲ್ಲ. ಹಿಂಬದಿಯ ತೆರೆದ ಜಾಗಕ್ಕೆ ನೆರಳು ಕೊಡುವ ಮಡಚುವ ಛಾವಣಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕ್ಯಾಬಿನ್ನಿನೊಳಗೆ ಗ್ಯಾಸ್ ಒಲೆ ಬೇಡ: ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿ ಸೇರಿಕೊಂಡು ಒಂದು ಕಿಡಿಗೆ ಸ್ಫೋಟಿಸುತ್ತದೆ, ಪೆಟ್ರೋಲಿನ ಆವಿಯದೂ ಅದೇ ಗುಣ. ಶೌಚಾಲಯವಿರುವ ಬೋಟಾದರೆ ಅದರಿಂದ ನೀರಿಗೆ ಏನೂ ಬೀಳದಂತೆ ಮುಚ್ಚಿದ ಟ್ಯಾಂಕೇ ಇರಬೇಕು, ಏಕೆಂದರೆ ಈ ನೀರನ್ನು ಊರುಗಳು ಕುಡಿಯುತ್ತವೆ.

ನಮ್ಮ ಬೋಟಿನ ಅತ್ಯಂತ ದುರ್ಬಲ ಭಾಗ ಅದರೊಂದಿಗೆ ಬಂದ ಟ್ರೇಲರು. ಎಂಜಿನ್, ಇಂಧನ, ಸಾಮಾನು, ಟ್ರೇಲರ್ ಎಲ್ಲ ಸೇರಿ ಒಂದೂವರೆ ಟನ್ನಿನ ಹತ್ತಿರ ತೂಗುವ ಇದನ್ನು ಎಳೆಯಲು ಗಟ್ಟಿ ಜೀಪು ಬೇಕು, ಟ್ರೇಲರಿಗೆ ತನ್ನದೇ ಬ್ರೇಕು ಬೇಕು. ಉಪ್ಪುನೀರಿನಲ್ಲಿ ಇಳಿದಿಳಿದು ಸ್ಪ್ರಿಂಗ್ ಪಟ್ಟಿಗಳು ತುಕ್ಕು ಹಿಡಿದಿದ್ದವು, ಚಕ್ರದ ಬೇರಿಂಗುಗಳ ಗ್ರೀಸು ನೀರಾಗಿತ್ತು. ಎರಡನ್ನೂ ಬದಲಿಸದೆ ದೂರದ ದಾರಿಗೆ ಹೊರಡುವಂತಿರಲಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಬೋಟನ್ನು ನೀರಿಗೆ ಇಳಿಸುವ ಜಾಗದ್ದು. ನಮ್ಮ ದಂಡೆಗಳಲ್ಲಿ ಹೆಚ್ಚಿನವು ಎರೆಮಣ್ಣಿನವು. ಒಣಗಿದಾಗ ಕಲ್ಲಿನಂತಿರುವ ಆ ನೆಲ ನೀರಿನ ಅಂಚಿನಲ್ಲಿ ಚಕ್ರವನ್ನು ಅಚ್ಚಿನವರೆಗೆ ನುಂಗುತ್ತದೆ, ಆಮೇಲೆ ಟ್ರ್ಯಾಕ್ಟರ್ ತರಿಸದೆ ಗತಿಯಿಲ್ಲ. ಗರಸು ಹಾಕಿ ಗಟ್ಟಿ ಮಾಡಿದ ಅಥವಾ ಸಹಜವಾಗಿ ಕಲ್ಲಿನ ನೆಲವಿರುವ ಇಳಿಜಾರನ್ನು ನೀರು ತುಂಬಿದಾಗಿನ ಮಟ್ಟಕ್ಕೊಂದು, ಇಳಿದಾಗಿನ ಮಟ್ಟಕ್ಕೊಂದು ಮೊದಲೇ ನೋಡಿಟ್ಟುಕೊಳ್ಳಬೇಕು. 19 ಅಡಿಗಿಂತ ದೊಡ್ಡ ಬೋಟು ಬೇಡ ಎಂದು ನಾನು ಹೇಳುವುದಕ್ಕೆ ಈ ಮಣ್ಣೇ ಮುಖ್ಯ ಕಾರಣ.

ಮೇ ತಿಂಗಳ ಸಂಜೆಗಳಲ್ಲಿ ಮುಂಗಾರಿಗೆ ಮೊದಲು ಏಳುವ ಬಿರುಗಾಳಿ ಅಗಲವಾದ ಹಿನ್ನೀರಿನಲ್ಲಿ ನೋಡನೋಡುತ್ತಿದ್ದಂತೆ ಒತ್ತೊತ್ತಾದ ಅಲೆಗಳನ್ನು ಎಬ್ಬಿಸುತ್ತದೆ; ತಳ ಚೂಪಾಗಿರುವ ನಮ್ಮ ಬೋಟು ಅದನ್ನು ಚೆನ್ನಾಗಿ ತಾಳಿಕೊಂಡಿದೆ, ಚಪ್ಪಟೆ ತಳದ್ದಾಗಿದ್ದರೆ ಕುಳಿತವರ ಬೆನ್ನು ನುಗ್ಗಾಗುತ್ತಿತ್ತು. ಪ್ರತಿಯೊಬ್ಬರಿಗೂ ಅವರವರ ಅಳತೆಯ ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳದೇ ಜಾಕೆಟ್, ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೈದಾರ, ಲಂಗರು, ಬೆಂಕಿ ಆರಿಸುವ ಸಾಧನ ಇವುಗಳಲ್ಲಿ ಒಂದೂ ಬಿಡುವಂತಿಲ್ಲ. ಅಣೆಕಟ್ಟಿನ ಗೇಟುಗಳ ಕಡೆಗೆ ಯಾವ ಕಾಲದಲ್ಲೂ ಹೋಗಬಾರದು.

ಯಾವ ನೀರಿಗೆ ಕೊಳ್ಳುತ್ತಿದ್ದೀರಿ ಎಂಬುದರ ಮೇಲೆ ಅನುಮತಿಯ ದಾರಿ ಬೇರೆಯಾಗುತ್ತದೆ. ಬಸವಸಾಗರ ಕೃಷ್ಣಾ ಭಾಗ್ಯ ಜಲ ನಿಗಮದ ಅಧೀನದಲ್ಲಿದೆ, ಬೀದರ್ ಜಿಲ್ಲೆಯ ಕಾರಂಜಾ ಕರ್ನಾಟಕ ನೀರಾವರಿ ನಿಗಮದ್ದು. ಅವರ ಲಿಖಿತ ಒಪ್ಪಿಗೆಯಿಲ್ಲದೆ ಬೋಟು ಇಳಿಸಬಾರದು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ವನ್ಯಜೀವಿಧಾಮದೊಳಗಿರುವುದರಿಂದ ಅದನ್ನು ಲೆಕ್ಕದಿಂದ ಬಿಡುವುದೇ ಲೇಸು. ಭೀಮಾ, ಮಾಂಜ್ರಾ ನದಿಗಳ ಹೆಸರು 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿದೆಯಾದರೂ ಬ್ಯಾರೇಜುಗಳ ನಡುವೆ ಬೇಸಿಗೆಯಲ್ಲಿ ಉಳಿಯುವ ನೀರು ಇಂಥ ಬೋಟಿಗೆ ಸಾಲದು. ಅಲ್ಲಿಗೆ ಕ್ಯಾಬಿನ್ ಇಲ್ಲದ 14 ಅಡಿಯ ತೆರೆದ ಬೋಟು, 15–20 ಅಶ್ವಶಕ್ತಿಯ ಎಂಜಿನ್ ಸಾಕು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ದೋಣಿಗಳಿಗೆ ತಪಾಸಣೆಯೂ ನೋಂದಣಿಯೂ ಬೇಕು. ಮಾರುವವರ ಬಳಿ ಹಳೆಯ ನೋಂದಣಿ ಪತ್ರ, ಎಂಜಿನ್ ಕೊಂಡ ರಸೀದಿ, ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರ, ಟ್ರೇಲರಿನ ಆರ್‌ಟಿಒ ದಾಖಲೆ ಇವೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ಎಂಜಿನ್ನಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಟಾರ್ಚು ಹಿಡಿದು ಓದಿ, ರಸೀದಿಯಲ್ಲಿರುವ ಸಂಖ್ಯೆಗೆ ಒಂದೊಂದು ಅಂಕಿಯನ್ನೂ ಹೋಲಿಸಿದ ಮೇಲೆಯೇ ಹಣ ಕೊಡಬೇಕು.